‘ಪಾರ್ಕ್ ಕಿಟ್’ನ ಟ್ಯಾಗಿನಲ್ಲಿ ಜಿಪಿಎಸ್ ಇಲ್ಲ: ಮಾರಾಟ ನಿಲ್ಲಿಸಿ, ಹಣ ಮರಳಿಸಿ

ಇವರಿಂದ:
ಫ್ಯಾಮಿಲಿ ಪಾರ್ಕ್ ಕಿಟ್ ಕೊಂಡ ಮೂರು ಮನೆಯವರು,
ವಿದ್ಯಾನಗರ, ಹುಬ್ಬಳ್ಳಿ.

ಇವರಿಗೆ:
ಕುಂದುಕೊರತೆ ಅಧಿಕಾರಿಗಳು,
ಪ್ರವಾಸ ಸಾಮಗ್ರಿಗಳ ಆನ್‌ಲೈನ್ ಮಾರಾಟ ವಿಭಾಗ, ಬೆಂಗಳೂರು.

ವಿಷಯ: ಡಬ್ಬಿಯ ಮೇಲೆ ಬರೆದ ಗುಣ ಒಳಗಿನ ಸಾಮಾನಿಗೆ ಇಲ್ಲದಿರುವುದು, ಮಕ್ಕಳ ಟ್ಯಾಗಿನಿಂದ ಅಪಾಯವಿರುವುದು.

ಮಾನ್ಯರೇ,

ರಜೆಯಲ್ಲಿ ಮಕ್ಕಳನ್ನು ಬಿಡದಿ ಹತ್ತಿರದ ವಂಡರ್‌ಲಾ ಮನರಂಜನಾ ಪಾರ್ಕಿಗೆ ಕರೆದೊಯ್ಯಲೆಂದು ನಿಮ್ಮ ‘ಫ್ಯಾಮಿಲಿ ಪಾರ್ಕ್ ಕಿಟ್’ ಮೂರು ಸೆಟ್ ತರಿಸಿದ್ದೇವೆ. ಒಂದಕ್ಕೆ ₹6,499. ಪ್ರತಿ ಡಬ್ಬಿಯಲ್ಲಿ ಸಿಮ್ ಹಾಕಿ ಮಗು ಇರುವ ಜಾಗ ನೋಡುವ ಮಕ್ಕಳ ವಾಚ್ ಒಂದು, ಮಗುವಿನ ಮೈಗೆ ಕಟ್ಟಿ ಜಾಗ ಹುಡುಕುವ ಟ್ಯಾಗ್ ಎರಡು, ಫೋನಿಗೆ ವಾಟರ್‌ಪ್ರೂಫ್ ಪೌಚ್ ಎರಡು, ಪವರ್ ಬ್ಯಾಂಕ್ ಒಂದು, ವಾಕಿಟಾಕಿ ಒಂದು ಜೋಡಿ. ನಮ್ಮಲ್ಲಿ ಇಬ್ಬರು ಮೊಬೈಲ್ ರಿಪೇರಿ ಕೆಲಸದವರು. ಹುಬ್ಬಳ್ಳಿಯಿಂದ ಅಲ್ಲಿಗೆ 400 ಕಿಲೋಮೀಟರಿಗೂ ಮಿಕ್ಕಿದ ದಾರಿ. ಅಷ್ಟು ದೂರ ಹೋದ ಮೇಲೆ ಕೈಕೊಟ್ಟರೆ ಬದಲಿಸಲಿಕ್ಕೆ ಆಗುವುದಿಲ್ಲ ಎಂದು, ಹೊರಡುವ ಮೊದಲೇ ಎಲ್ಲವನ್ನೂ ಪರೀಕ್ಷೆ ಮಾಡಿ ನೋಡಿದೆವು. ಇನ್‌ವಾಯ್ಸ್, ಫೋಟೊ ಮತ್ತು ಅಳತೆಯ ವಿಡಿಯೊ ಲಗತ್ತಿಸಿದ್ದೇವೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಟ್ಯಾಗಿನದು. ಅದರ ಡಬ್ಬಿಯ ಮೇಲೆ ‘ಲೈವ್ ಜಿಪಿಎಸ್, ಮಗು ಎಲ್ಲಿದ್ದರೂ ಕಾಣುತ್ತದೆ’ ಎಂದಿದೆ. ಬಿಚ್ಚಿ ನೋಡಿದರೆ ಒಳಗೆ ಜಿಪಿಎಸ್ ಇಲ್ಲ, ಸಿಮ್ ಕೂರಿಸುವ ಜಾಗವೂ ಇಲ್ಲ. ಇರುವುದು ಒಂದು ಬ್ಲೂಟೂತ್ ಚಿಪ್, ಒಂದು ಬಜರ್, ಒಂದು ಸಿಆರ್2032 ಸೆಲ್ (ನಾಣ್ಯದಂಥ ಬಟನ್ ಸೆಲ್) ಅಷ್ಟೇ. ಆ ಸೆಲ್ಲಿನ ತಾಕತ್ತು ಸುಮಾರು 220 ಎಂಎಎಚ್. ಜಿಪಿಎಸ್ ಮತ್ತು ಮೊಬೈಲ್ ರೇಡಿಯೊ ಎರಡನ್ನೂ ದಿನವಿಡೀ ನಡೆಸುವ ಕರೆಂಟು ಅದರಿಂದ ಬರುವುದು ಸಾಧ್ಯವಿಲ್ಲ. ಇದು ಮಾಲು ತರಿಸುವವರಿಗೆ ಗೊತ್ತಿರಲೇಬೇಕಾದ ಸಂಗತಿ.

ಉಣಕಲ್ ಕೆರೆ ದಂಡೆಯ ಬಯಲಿನಲ್ಲಿ, ನಡುವೆ ಏನೂ ಅಡ್ಡ ಇಲ್ಲದಾಗ, ಟ್ಯಾಗ್ 35 ಮೀಟರಿನ ತನಕ ಸಿಕ್ಕಿತು. ಅದನ್ನು ಮುಷ್ಟಿಯಲ್ಲಿ ಹಿಡಿದು ಬೆನ್ನು ತಿರುಗಿಸಿ ನಿಂತರೆ 12 ಮೀಟರಿಗೇ ಕಡಿಯಿತು. ಬ್ಲೂಟೂತ್ ನಡೆಯುವುದು 2.4 ಗಿಗಾಹರ್ಟ್ಸ್‌ನಲ್ಲಿ. ಆ ಅಲೆಯನ್ನು ನೀರು ಹೀರಿಕೊಳ್ಳುತ್ತದೆ, ಮನುಷ್ಯನ ಮೈಯಲ್ಲಿ ಹೆಚ್ಚಿನದು ನೀರೇ. ಸಿದ್ಧಾರೂಢರ ಜಾತ್ರೆಯಂಥ ಗದ್ದಲದಲ್ಲಿ ಸಂಪರ್ಕ ಇನ್ನೂ ಬೇಗ ಕಡಿಯುತ್ತದೆ. ವೇವ್ ಪೂಲಿನಲ್ಲಿ ಕುತ್ತಿಗೆಯ ತನಕ ನೀರಲ್ಲಿರುವ ಮಗುವಿನ ಸೊಂಟಕ್ಕೆ ಕಟ್ಟಿದ ಟ್ಯಾಗ್ ಪಕ್ಕದಲ್ಲೇ ಇದ್ದರೂ ಸಿಗುವುದಿಲ್ಲ.

ಇದಕ್ಕಿಂತ ಗಂಭೀರವಾದದ್ದು ನಿಮ್ಮ ಆ್ಯಪ್ ತೋರಿಸುವ ನೀಲಿ ಚುಕ್ಕೆ. ಸಂಪರ್ಕ ಕಡಿದ ಮೇಲೂ ಆ ಚುಕ್ಕೆ ನಕ್ಷೆಯಲ್ಲಿ ಹಾಗೇ ಮಿನುಗುತ್ತಿರುತ್ತದೆ, ಎಷ್ಟು ಹೊತ್ತಿನ ಹಿಂದಿನದು ಎಂದು ಎಲ್ಲೂ ಬರೆದಿಲ್ಲ. ನಿಜವಾಗಿ ಅದು ಟ್ಯಾಗಿನ ಜಾಗವೂ ಅಲ್ಲ. ಸಂಪರ್ಕ ಕಡಿಯುವಾಗ ನಮ್ಮ ಫೋನ್ ಇದ್ದ ಜಾಗ. ಟ್ಯಾಗನ್ನು ಆಟೊದಲ್ಲಿ ಉಣಕಲ್ಲಿನಿಂದ ವಿದ್ಯಾನಗರಕ್ಕೆ ತಂದಾಯಿತು, ಚುಕ್ಕೆ ಮಾತ್ರ ಕೆರೆ ದಂಡೆ ಬಿಟ್ಟು ಅಲುಗಲಿಲ್ಲ. ಮಗು ಕಾಣದಾದ ಹೊತ್ತಿನಲ್ಲಿ ತಾಯಿ ಆ ಚುಕ್ಕೆಯನ್ನು ನಂಬಿ ಓಡುತ್ತಾಳೆ. ಟ್ಯಾಗೇ ಇಲ್ಲದಿದ್ದರೆ ಆಕೆ ಕೂಡಲೇ ಪಾರ್ಕಿನ ಸಿಬ್ಬಂದಿಯ ಹತ್ತಿರ ಹೋಗುತ್ತಿದ್ದಳು.

ಆ್ಯಪಲ್ ಮತ್ತು ಗೂಗಲ್ ಜಾಲಕ್ಕೆ ಸೇರುವ ಟ್ಯಾಗುಗಳು ಸುತ್ತಲಿನ ಅಪರಿಚಿತರ ಫೋನುಗಳ ಮೂಲಕ ಜಾಗ ತಿಳಿಸುತ್ತವೆ. ಹಾಗಿದ್ದೂ ಏರ್‌ಟ್ಯಾಗ್ ಇರುವುದು ವಸ್ತುಗಳನ್ನು ಹುಡುಕಲಿಕ್ಕೆ, ಮನುಷ್ಯರನ್ನಲ್ಲ ಎಂದು ಆ್ಯಪಲ್ ಸ್ಪಷ್ಟಪಡಿಸಿದೆ. ನಿಮ್ಮ ಟ್ಯಾಗ್ ಆ ಎರಡೂ ಜಾಲಕ್ಕೆ ಸೇರುವುದಿಲ್ಲ. ನಿಮ್ಮದೇ ಆ್ಯಪ್ ಇರುವ ಫೋನ್ ಹತ್ತಿರದಲ್ಲಿದ್ದರೆ ಮಾತ್ರ ಕೆಲಸ ಮಾಡುತ್ತದೆ.

ಇನ್ನು ಸೆಲ್ಲಿನ ಮುಚ್ಚಳ. ಅದಕ್ಕೆ ಸ್ಕ್ರೂ ಇಲ್ಲ. ಅಂಚಿನ ಸಂದಿಗೆ ಹೆಬ್ಬೆರಳಿನ ಉಗುರು ಕೊಟ್ಟು ಒಂದು ಸಲ ಮೀಟಿದರೆ ಮುಚ್ಚಳ ಹಾರುತ್ತದೆ, ಸೆಲ್ ಹೊರಗುರುಳುತ್ತದೆ. 20 ಮಿಲಿಮೀಟರ್ ಅಗಲದ ಈ ಬಿಲ್ಲೆ ಸಣ್ಣ ಮಕ್ಕಳ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಗಾತ್ರದ್ದು. ಸಿಕ್ಕಿಕೊಂಡರೆ ಒದ್ದೆ ಅಂಗಾಂಶದ ಮೂಲಕ ಕರೆಂಟು ಹರಿದು ಅಲ್ಲಿ ಕಾಸ್ಟಿಕ್ ಸೋಡಾದಂಥ ಕ್ಷಾರ ಉಂಟಾಗುತ್ತದೆ, ಎರಡೇ ತಾಸಿನಲ್ಲಿ ಆಳವಾದ ಸುಟ್ಟಗಾಯ ಆಗಬಹುದು. ಸೆಲ್ ‘ಖಾಲಿ’ ಆಗಿದ್ದರೂ ಆ ಅಪಾಯ ತಪ್ಪುವುದಿಲ್ಲ. ಡಬ್ಬಿಯ ಮೇಲಾಗಲಿ ಒಳಗಿನ ಕಾಗದದಲ್ಲಾಗಲಿ ಇದರ ಬಗ್ಗೆ ಒಂದು ಸಾಲಿನ ಎಚ್ಚರಿಕೆಯೂ ಇಲ್ಲ. ‘3 ವರ್ಷದಿಂದ ಮೇಲ್ಪಟ್ಟ ಮಕ್ಕಳಿಗೆ’ ಎಂದು ಮಾತ್ರ ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ. ಮೂರು ಸೆಟ್ಟಿನ ಆರೂ ಟ್ಯಾಗುಗಳ ಸೆಲ್ ತೆಗೆದು, ಎರಡೂ ಬದಿಗೆ ಟೇಪ್ ಸುತ್ತಿ, ಮಕ್ಕಳ ಕೈಗೆ ಸಿಗದ ಕಪಾಟಿನಲ್ಲಿ ಇಟ್ಟಿದ್ದೇವೆ.

ವಾಚಿನ ವಿಚಾರ. ‘ಎಲ್ಲ ಸಿಮ್ ನಡೆಯುತ್ತದೆ’ ಎಂಬುದು ಸುಳ್ಳು. ಒಳಗಿರುವುದು 2ಜಿ ಮಾತ್ರ ಬಲ್ಲ ಮಾಡ್ಯೂಲ್. ಜಿಯೊಗೆ 2ಜಿ ಜಾಲವೇ ಇಲ್ಲ. ಹೀಗಾಗಿ ಮೂರೂ ವಾಚು ಜಿಯೊ ಸಿಮ್‌ನಲ್ಲಿ ಸಿಗ್ನಲ್ ಹಿಡಿಯಲಿಲ್ಲ, ಏರ್‌ಟೆಲ್ ಸಿಮ್ ಹಾಕಿದ ಕೂಡಲೇ ಹಿಡಿದವು. ನಿಮ್ಮ ಸಹಾಯವಾಣಿಯವರು ನಾಲ್ಕು ಸಲವೂ ‘ಸಿಮ್ ಸರಿಯಾಗಿ ಕೂರಿಸಿ, ರೀಸ್ಟಾರ್ಟ್ ಮಾಡಿ’ ಎಂದದ್ದು ಬಿಟ್ಟರೆ ಈ ಒಂದು ಮಾತು ಹೇಳಲಿಲ್ಲ. ಸಿಮ್ಮಿನ ಪಿನ್ ಲಾಕ್ ಮೊದಲೇ ತೆಗೆದಿರಬೇಕು, ಡೇಟಾ ಪ್ಯಾಕ್ ಇರಬೇಕು, ಎಪಿಎನ್ (ಇಂಟರ್ನೆಟ್ಟಿಗೆ ಜೋಡಿಸುವ ಸೆಟ್ಟಿಂಗ್) ಅನ್ನು ಎಸ್‌ಎಂಎಸ್ ಮೂಲಕ ಕಳಿಸಬೇಕು. ಈ ಮೂರೂ ನಿಮ್ಮ ಕೈಪಿಡಿಯಲ್ಲಿಲ್ಲ.

ಸಿಗ್ನಲ್ ಸಿಕ್ಕ ಮೇಲೆ ಬಯಲಿನಲ್ಲಿ ವಾಚ್ ಚೆನ್ನಾಗಿಯೇ ನಡೆಯಿತು, 10 ಮೀಟರಿನೊಳಗೆ ಜಾಗ ತೋರಿಸಿತು. ಅದನ್ನು ಒಪ್ಪುತ್ತೇವೆ. ಆದರೆ ಆರ್‌ಸಿಸಿ ಕಟ್ಟಡದ ಕೆಳಮಹಡಿಗೆ ಒಯ್ದಾಗ ಅರ್ಧ ಕಿಲೋಮೀಟರಿಗೂ ಆಚೆ ತೋರಿಸಿತು. ಸೂರಿನ ಕೆಳಗೆ ಉಪಗ್ರಹದ ಸಿಗ್ನಲ್ ಸಿಗದಿದ್ದರೆ ಇಂಥ ವಾಚುಗಳು ಮೊಬೈಲ್ ಟವರಿನ ಅಂದಾಜಿಗೆ ಇಳಿಯುತ್ತವೆ. ಅದು ವಾಚಿನ ದೋಷವಲ್ಲ, ಬೇರೆ ಕಂಪನಿಯವೂ ಸಾಮಾನ್ಯವಾಗಿ ಹಾಗೇ. ದೋಷ ಇರುವುದು, ಉಪಗ್ರಹದ ಜಾಗವನ್ನೂ ಟವರಿನ ಅಂದಾಜನ್ನೂ ಒಂದೇ ಬಣ್ಣದ ಚುಕ್ಕೆಯಲ್ಲಿ ತೋರಿಸುವುದರಲ್ಲಿ. ಅಂದಾಜು ಇದ್ದಾಗ ದೊಡ್ಡ ವೃತ್ತ ಹಾಕಿ ತೋರಿಸಬೇಕು. ಒಳಾಂಗಣದ ಆಟಗಳು ಪಾರ್ಕುಗಳಲ್ಲಿ ಸಾಮಾನ್ಯ, ಇದನ್ನು ಬಿಡುವಂತಿಲ್ಲ. ‘2 ದಿನದ ಬ್ಯಾಟರಿ’ ಎಂಬುದೂ 10 ನಿಮಿಷಕ್ಕೊಮ್ಮೆ ಜಾಗ ಕಳಿಸುವಾಗಿನ ಲೆಕ್ಕ. ಜಾಹೀರಾತಿನ ‘ಲೈವ್’ ಬೇಕೆಂದು 1 ನಿಮಿಷಕ್ಕೆ ಇಟ್ಟರೆ ಬೆಳಿಗ್ಗೆ 9ಕ್ಕೆ ತುಂಬಿದ 400 ಎಂಎಎಚ್ ಬ್ಯಾಟರಿ ಮಧ್ಯಾಹ್ನ 3ಕ್ಕೆ ಬರಿದಾಗುತ್ತದೆ.

ಪವರ್ ಬ್ಯಾಂಕಿನ ಮೇಲೆ 20,000 ಎಂಎಎಚ್ ಎಂದಿದೆ. ಒಳಗಿನ ಸೆಲ್ 3.7 ವೋಲ್ಟಿನದು, ಹಾಗಾಗಿ ಒಟ್ಟು ಶಕ್ತಿ 74 ವ್ಯಾಟ್-ಅವರ್ ಇರಬೇಕು. ಯುಎಸ್‌ಬಿಯ 5 ವೋಲ್ಟಿಗೆ ಏರಿಸುವಾಗಿನ ನಷ್ಟ ಕಳೆದು 12,500 ಎಂಎಎಚ್ ಸುಮಾರು ಹೊರಗೆ ಸಿಗಬೇಕು. ಯುಎಸ್‌ಬಿ ಮೀಟರ್ ಹಚ್ಚಿ, 2 ಆಂಪಿಯರ್ ಲೋಡಿನಲ್ಲಿ ಪೂರ್ತಿ ಖಾಲಿ ಮಾಡಿದಾಗ ಸಿಕ್ಕಿದ್ದು 6,100. ಅಂದರೆ ಒಳಗೆ ಇರುವುದು 10,000ದ ಸೆಲ್. ತೂಕವೇ ಇದನ್ನು ಹೇಳುತ್ತದೆ: ಇದು 215 ಗ್ರಾಂ, ನಿಜವಾದ 20,000ದ್ದು ಸಾಮಾನ್ಯವಾಗಿ 350 ಗ್ರಾಮಿಗೆ ಕಡಿಮೆ ಬರುವುದಿಲ್ಲ. ‘5,000 ಎಂಎಎಚ್ ಫೋನ್ 4 ಸಲ ಚಾರ್ಜ್’ ಎಂಬುದಂತೂ ಅಪ್ಪಟ 20,000ದಲ್ಲೂ ಆಗದ ಮಾತು, ಮೂರು ಸಲ ಆದರೆ ಹೆಚ್ಚು. ಟಿಕೆಟಿನ ಕ್ಯೂಆರ್ ಕೋಡ್, ಯುಪಿಐ, ಫೋಟೊ ಎಲ್ಲ ಫೋನಿನಲ್ಲೇ ಇರುವ ದಿನ ಈ ಲೆಕ್ಕ ನಂಬಿದವರು ಸಂಜೆ ಗೇಟಿನ ಹೊರಗೆ ಸತ್ತ ಫೋನ್ ಹಿಡಿದು ನಿಲ್ಲಬೇಕಾಗುತ್ತದೆ.

ಪವರ್ ಬ್ಯಾಂಕಿನ ಮೇಲಿನ ‘ಆರ್’ ನೋಂದಣಿ ಸಂಖ್ಯೆಯನ್ನು ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೊ) ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಬರುವುದು ಬೇರೊಬ್ಬ ತಯಾರಕರ ಎಲ್‌ಇಡಿ ದೀಪದ ವಿವರ. ಪವರ್ ಬ್ಯಾಂಕಿಗೆ ಬಿಐಎಸ್ ನೋಂದಣಿ ಕಡ್ಡಾಯ. ವ್ಯಾಟ್-ಅವರ್ ಸಂಖ್ಯೆಯೂ ಅಚ್ಚಾಗಿಲ್ಲ. ವಿಮಾನದಲ್ಲಿ 100 ವ್ಯಾಟ್-ಅವರ್ ತನಕದ್ದನ್ನು ಕೈಚೀಲದಲ್ಲಿ ಒಯ್ಯಬಹುದು, ಆದರೆ ಸಂಖ್ಯೆಯೇ ಕಾಣದಿದ್ದರೆ ತಪಾಸಣೆಯಲ್ಲಿ ಅದನ್ನು ತೆಗೆದಿಡಿಸುವ ಸಂಭವ ಇದೆ. ಮೂರರಲ್ಲಿ ಒಂದು ಮೂರನೇ ಚಾರ್ಜಿಗೇ ನಡುವೆ ಉಬ್ಬಿದೆ.

ಪೌಚ್ ಮೇಲೆ ‘ಐಪಿಎಕ್ಸ್8’ ಎಂದು ನೀರು ತಡೆಯುವ ದರ್ಜೆ ಬರೆದಿದೆ. ಎಷ್ಟು ಆಳ, ಎಷ್ಟು ಹೊತ್ತು ಎಂದು ತಯಾರಕರು ಹೇಳದಿದ್ದರೆ ಆ 8ಕ್ಕೆ ಅರ್ಥವಿಲ್ಲ. ಒಳಗೆ ಒಣ ಟಿಶ್ಯೂ ಇಟ್ಟು, ಲಾಕ್ ಹಾಕಿ, ಬಕೆಟ್ಟಿನಲ್ಲಿ ಅರ್ಧ ತಾಸು ಮುಳುಗಿಸಿದಾಗ ಆರರಲ್ಲಿ ನಾಲ್ಕು ಒಣಗಿದ್ದವು, ಎರಡರಲ್ಲಿ ಲಾಕಿನ ಮೂಲೆಯಿಂದ ನೀರು ಇಳಿದಿತ್ತು. ನಳದ ರಭಸದ ಧಾರೆಗೆ ಹಿಡಿದಾಗ ಆರೂ ಸೋರಿದವು. ನಿಂತ ನೀರಿನ ಪರೀಕ್ಷೆ ಬೇರೆ, ಧಾರೆಯ ಪರೀಕ್ಷೆ ಬೇರೆ. ವಾಟರ್ ಸ್ಲೈಡಿನಲ್ಲಿ ಬೀಳುವುದು ಎರಡನೆಯದು.

ವಾಕಿಟಾಕಿಯನ್ನು ನಾವು ಆನ್ ಮಾಡಿಲ್ಲ. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿರುವುದು 446.0ಯಿಂದ 446.2 ಮೆಗಾಹರ್ಟ್ಸ್. ನಿಮ್ಮದರ ಮೇಲೆ 400–470 ಎಂದಿದೆ, ಉಪಕರಣ ಅನುಮೋದನೆಯ ಇಟಿಎ ವಿವರ ಎಲ್ಲೂ ಇಲ್ಲ. ಇಂಥ ಮಾರಾಟ ತಡೆಯಲೆಂದೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿ ಹೊರಡಿಸಿದೆ.

ನಮ್ಮ ಬೇಡಿಕೆ ಹೀಗಿದೆ. ಮೂರು ಕಿಟ್ಟಿನ ₹19,497 ಪೂರ್ತಿ ಮರಳಿಸಬೇಕು. ಕೂಪನ್, ವ್ಯಾಲೆಟ್ ಬೇಡ, ಹಣ ಕೊಟ್ಟ ಖಾತೆಗೇ ಬರಬೇಕು. ಟ್ಯಾಗಿನ ಮಾರಾಟ ಇಂದೇ ನಿಲ್ಲಿಸಿ, ಈಗಾಗಲೇ ಕೊಂಡ ಪ್ರತಿ ಮನೆಗೂ ಸೆಲ್ ತೆಗೆದಿಡಿ ಎಂದು ಕನ್ನಡದಲ್ಲಿ ಎಸ್‌ಎಂಎಸ್ ಕಳಿಸಬೇಕು. ಹಣಕ್ಕಿಂತ ಇದು ಮೊದಲು ಆಗಬೇಕು. ಮುಂದೆ ಇಂಥ ಕಿಟ್ ಮಾಡುವುದಿದ್ದರೆ ನೀರಿಗೆ ಹರಿಯದ ಕೈಪಟ್ಟಿ ಹತ್ತು, ಅಳಿಸದ ಮಾರ್ಕರ್ ಪೆನ್ ಒಂದು ಹಾಕಿ. ಪಾಲಕರ ಎರಡು ಮೊಬೈಲ್ ನಂಬರ್ ಬರೆದ ಪಟ್ಟಿ ಮಗುವಿನ ಮಣಿಕಟ್ಟಿನಲ್ಲಿದ್ದರೆ ಅದಕ್ಕೆ ಚಾರ್ಜೂ ಬೇಡ, ಸಿಗ್ನಲ್ಲೂ ಬೇಡ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಈ ದೂರು ತಲುಪಿದ್ದಕ್ಕೆ 48 ತಾಸಿನೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ 1915 ಸಹಾಯವಾಣಿಯಲ್ಲಿ ದಾಖಲಿಸಿ, ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾವಿರುವ ಊರಿನಲ್ಲೇ ದೂರು ಕೊಡಬಹುದು, ಸಾಮಾನಿಗೆ ಕೊಟ್ಟ ಹಣ ₹5 ಲಕ್ಷದ ತನಕ ಇದ್ದರೆ ಶುಲ್ಕವೂ ಇಲ್ಲ.

ಸಾಮಾನು ಒಯ್ಯಲು ಬರುವವರಿಗೆ ಒಂದು ಸೂಚನೆ ಕೊಟ್ಟು ಕಳಿಸಿ. ಉಬ್ಬಿದ ಪವರ್ ಬ್ಯಾಂಕನ್ನು ಮಿಕ್ಕವುಗಳ ಜೊತೆ ಸಾದಾ ಕೊರಿಯರ್ ಚೀಲಕ್ಕೆ ಹಾಕಬಾರದು. ಒತ್ತಿದರೆ, ಚುಚ್ಚಿದರೆ ಬೆಂಕಿ ಹತ್ತಬಹುದು. ಅದನ್ನು ಒಣ ಮರಳು ತುಂಬಿದ ತಗಡಿನ ಡಬ್ಬಿಯಲ್ಲಿ ಮನೆಯ ಹೊರಗೆ ಇಟ್ಟಿದ್ದೇವೆ. ಹಾಳಾದ ಲಿಥಿಯಂ ಬ್ಯಾಟರಿ ಸಾಗಿಸಲು ಗೊತ್ತಿರುವವರನ್ನೇ ಕಳಿಸಬೇಕು.

ತಮ್ಮ ವಿಶ್ವಾಸಿಗಳು,
ಮೂರು ಮನೆಯವರ ಪರವಾಗಿ
ಸಹಿ
ಸ್ಥಳ: ಹುಬ್ಬಳ್ಳಿ