ಅಂಗಡಿ ಕೆಲಸ ಬಿಡಬೇಕಾ ಅಂತ ಕೇಳಿದ್ದೀಯಲ್ಲ

ಪ್ರಿಯ ಗೆಳೆಯಾ,

ನಿನ್ನ ಕಾಗದವೂ ಮಕ್ಕಳ ಕಥೆಯ ಕಟ್ಟೂ ಒಟ್ಟಿಗೇ ಬಂದವು. ಕಥೆ ಮೊದಲು ಓದಿದೆ, ಕಾಗದ ಆಮೇಲೆ. ಉಲ್ಟಾ ಮಾಡಬೇಕಿತ್ತು. ನಿನ್ನ ಕಥೆಗಿಂತ ಕಾಗದವೇ ಚೆನ್ನಾಗಿದೆ.

ಬಟ್ಟೆ ಅಂಗಡಿಯಲ್ಲಿ ದಿನಾ ಬೆಳಿಗ್ಗೆ ಬೊಂಬೆಗಳಿಗೆ ಸೀರೆ ಉಡಿಸುತ್ತೀಯ. ಅದರಲ್ಲಿ ಒಂದು ಬೊಂಬೆಯ ಕೈ ಆಗಾಗ ಕಳಚಿ ಬೀಳುತ್ತದೆ. ಸೆರಗಿನೊಳಗೆ ದಾರ ಕಟ್ಟಿ ಅದನ್ನು ನಿಲ್ಲಿಸುತ್ತೀಯ. ಇದನ್ನೆಲ್ಲ ಎರಡು ಪುಟ ಗೊಣಗಿಕೊಂಡು ಬರೆದು, ಕೊನೆಗೆ ‘ಬರೆಯೋಕೆ ಈ ಕೆಲಸ ಬಿಡಬೇಕಾ?’ ಎಂದು ಕೇಳಿದ್ದೀಯ. ಇತ್ತ ಕಥೆಯಲ್ಲಿ ಚಿನ್ನದ ಅರಮನೆ ಇದೆ, ಹಾರುವ ಕುದುರೆ ಇದೆ, ಮುತ್ತಿನ ಕೊಳ ಇದೆ. ಕೈ ಕಳಚುವ ಬೊಂಬೆ ಮಾತ್ರ ಎಲ್ಲೂ ಇಲ್ಲ.

ಎಲ್. ಫ್ರಾಂಕ್ ಬಾಮ್ ಹೆಸರು ಕೇಳಿದ್ದೀಯ ಅಲ್ವಾ? ಓಜ್ ಎಂಬ ಮಾಯಾನಾಡಿನ ಕಥೆ ಬರೆದ ಅಮೆರಿಕದವರು. 1939ರ ಸಿನಿಮಾವನ್ನು ಸದ್ಯಕ್ಕೆ ಮರೆತುಬಿಡು. 1900ರಲ್ಲಿ ಷಿಕಾಗೊದಲ್ಲಿ ಅಚ್ಚಾದ ‘ದಿ ವಂಡರ್‌ಫುಲ್ ವಿಜರ್ಡ್ ಆಫ್ ಓಜ್’ ಪುಸ್ತಕವನ್ನೇ ಹಿಡಿ. ಅದು ಬಂದಾಗ ಬಾಮ್‌ಗೆ 44 ವರ್ಷ. ಅಷ್ಟರಲ್ಲಿ ಅವರು ಕೋಳಿ ಸಾಕಿದ್ದರು, ನಾಟಕ ಆಡಿದ್ದರು, ಗಾಡಿಯ ಅಚ್ಚಿಗೆ ಹಾಕುವ ಎಣ್ಣೆ ಮಾರಿದ್ದರು. 1888ರಲ್ಲಿ ಡಕೋಟಾದ ಅಬರ್ಡೀನ್ ಎಂಬ ಊರಿಗೆ ಹೋಗಿ ಅಂಗಡಿ ಹಾಕಿದರು. ಮಳೆ ಕೈಕೊಟ್ಟಿತು, ರೈತರ ಕೈಯಲ್ಲಿ ದುಡ್ಡಿಲ್ಲ, ಅಂಗಡಿ ಮುಚ್ಚಿತು. ಆಮೇಲೆ ಅಲ್ಲೇ ಒಂದು ವಾರಪತ್ರಿಕೆ ನಡೆಸಿದರು. ಅದೂ ಮುಳುಗಿತು. ಷಿಕಾಗೊಗೆ ಬಂದು ಊರೂರು ಸುತ್ತಿ ಪಿಂಗಾಣಿ ಮಾರಿದರು.

ಆ ಪತ್ರಿಕೆಯ ವಿಷಯದಲ್ಲಿ ಒಂದು ಮಾತು ಮುಚ್ಚಿಡಬಾರದು. 1890ರ ಕೊನೆಯಲ್ಲಿ ಮತ್ತು 1891ರ ಮೊದಲಲ್ಲಿ, ಅಲ್ಲಿಯ ಮೂಲನಿವಾಸಿಗಳನ್ನು ಪೂರ್ತಿ ನಿರ್ನಾಮ ಮಾಡಬೇಕು ಎಂದು ಬಾಮ್ ಅದರಲ್ಲಿ ಸಂಪಾದಕೀಯ ಬರೆದರು. ಎರಡು ಸಲ. ಓಜ್ ಕಥೆಯ ಹುಲ್ಲಿನ ಮನುಷ್ಯನಿಗೂ ತಗಡಿನ ಮನುಷ್ಯನಿಗೂ ಕರುಣೆ ತುಂಬಿದ ಕೈಯೇ ಅದನ್ನೂ ಬರೆಯಿತು. ನನಗೆ ಇದು ಇವತ್ತಿಗೂ ಜೀರ್ಣವಾಗಿಲ್ಲ. ಅವರಿಂದ ಕಸುಬು ಕಲಿ, ಆದರೆ ಅವರ ಪಟಕ್ಕೆ ಹಾರ ಹಾಕಬೇಡ.

ಈಗ ನಿನ್ನ ಅಂಗಡಿಗೆ ಬರೋಣ. 1897ರಲ್ಲಿ ಬಾಮ್ ಒಂದು ಮಾಸಪತ್ರಿಕೆ ಶುರು ಮಾಡಿದರು. ಅದು ಯಾರಿಗೆ ಗೊತ್ತಾ? ಅಂಗಡಿಯ ಗಾಜಿನ ಕಿಟಕಿ ಸಿಂಗರಿಸುವವರಿಗೆ. ಅಂದರೆ ನಿನಗೆ! ಓಜ್ ಬಂದ 1900ರಲ್ಲೇ ಅವರ ಇನ್ನೊಂದು ಪುಸ್ತಕವೂ ಬಂತು. ಬಟ್ಟೆ ಅಂಗಡಿಯ ಕಿಟಕಿಯನ್ನೂ ಒಳಗನ್ನೂ ಹೇಗೆ ಸಿಂಗರಿಸಬೇಕು ಎಂಬುದೇ ಅದರ ವಿಷಯ. ಒಂದು ಕಿಟಕಿಯಲ್ಲಿಡಲು ಬಾಮ್ ಹಂಡೆ, ಒಲೆಯ ಕೊಳವೆ, ಬಾಣಲೆಯ ತಳ, ಲಾಳಿಕೆ ಸೇರಿಸಿ ಒಂದು ಆಕೃತಿ ಕಟ್ಟಿದ್ದರಂತೆ. ತಗಡಿನ ಮನುಷ್ಯ ಹುಟ್ಟಿದ್ದೇ ಅದರಿಂದ ಎಂದು ಅವರ ಮಗ ಹೇಳುತ್ತಿದ್ದರು. ನಾನು ನಂಬುತ್ತೇನೆ. ಅವನ ಪಕ್ಕದಲ್ಲಿ ಸದಾ ಒಂದು ಎಣ್ಣೆ ಡಬ್ಬಿ ಇರಬೇಕು, ನೋಡು. ಅಚ್ಚಿಗೆ ಎಣ್ಣೆ ಮಾರಿದವರಿಗೆ ಅಲ್ಲದೆ ಇನ್ಯಾರಿಗೆ ಹೊಳೆಯಬೇಕು ಅದು?

ಆ ಎಣ್ಣೆ ಡಬ್ಬಿಯನ್ನು ಅವರು ಬಳಸಿಕೊಂಡ ರೀತಿ ಗಮನಿಸು. ತಗಡಿನ ಮನುಷ್ಯ ನಡೆಯುವಾಗ ಗೊತ್ತಿಲ್ಲದೆ ಒಂದು ಹುಳವನ್ನು ತುಳಿದುಬಿಡುತ್ತಾನೆ. ಅಯ್ಯೋ ಎಂದು ಅಳುತ್ತಾನೆ. ಕಣ್ಣೀರು ಇಳಿದು ದವಡೆಗೆ ತುಕ್ಕು ಹಿಡಿಯುತ್ತದೆ. ಬಾಯಿ ಬಿಡಲಾಗುವುದಿಲ್ಲ, ಏನಾಯಿತು ಎಂದು ಹೇಳಲೂ ಆಗುವುದಿಲ್ಲ. ಹುಲ್ಲಿನ ಮನುಷ್ಯ ಡಬ್ಬಿ ತೆಗೆದು ದವಡೆಗೆ ಎಣ್ಣೆ ಬಿಟ್ಟ ಮೇಲೆಯೇ ಮಾತು. ನನಗೆ ಹೃದಯ ಇಲ್ಲ ಎಂದು ಕೊರಗುವವನು ಒಂದು ಹುಳಕ್ಕಾಗಿ ಅಳುತ್ತಾನೆ ಅನ್ನುವುದು ಮಗುವಿಗೆ ತಾನಾಗಿ ಹೊಳೆಯುತ್ತದೆ. ಬಾಮ್ ಅದನ್ನು ಬಿಡಿಸಿ ಹೇಳುವುದಿಲ್ಲ, ತುಕ್ಕನ್ನು ಮುಂದಿಡುತ್ತಾರೆ.

ಮಕ್ಕಳು ಈ ತುಕ್ಕಿನ ಲೆಕ್ಕವನ್ನೇ ಕೇಳುವುದು. ನನ್ನ ಮೊದಲ ಕಥೆಯಲ್ಲಿ ಏಳು ತಲೆಯ ರಾಕ್ಷಸ ಇದ್ದ. ಮಕ್ಕಳಿಗೆ ಓದಿ ಹೇಳುವಾಗ ಒಬ್ಬ ಹುಡುಗಿ ಎದ್ದು ನಿಂತು, ‘ಏಳು ಬಾಯಿಗೂ ಬೇರೆ ಬೇರೆ ಬ್ರಷ್ ಬೇಕಾ?’ ಎಂದಳು. ನಾನು ನಕ್ಕು ತಪ್ಪಿಸಿಕೊಂಡೆ. ಆ ಕಥೆ ಅಲ್ಲೇ ಸತ್ತಿತು.

ಓಜ್‌ನ ಪಚ್ಚೆಯ ಊರಿನ ಕಥೆ ನಿನಗೆ ಇನ್ನೂ ಹತ್ತಿರದ್ದು. ಅಲ್ಲಿ ಎಲ್ಲವೂ ಹಸಿರು. ಬಾಗಿಲಲ್ಲೇ ಕಾವಲುಗಾರ ಎಲ್ಲರಿಗೂ ಹಸಿರು ಕನ್ನಡಕ ಹಾಕಿ ಬೀಗ ಜಡಿಯುತ್ತಾನೆ. ಹೊಳಪಿಗೆ ಕಣ್ಣು ಹೋದೀತು ಎಂಬುದು ನೆಪ. ಕಥೆಯ ಹುಡುಗಿ ಡೊರೊಥಿ ಒಳಗೆ ಚೆಂದದ ಹಸಿರು ರೇಷ್ಮೆ ಉಡುಪು ತೊಡುತ್ತಾಳೆ. ಊರಿನಿಂದ ಹೊರಗೆ ಬಂದು ಕನ್ನಡಕ ತೆಗೆದ ಮೇಲೆ ನೋಡಿದರೆ ಅದು ಅಚ್ಚ ಬಿಳಿ! ನಾಯಿಮರಿ ಟೋಟೋ ಕೊರಳಿನ ರಿಬ್ಬನ್ನೂ ಬಿಳಿ. ನಿನ್ನ ಗಿರಾಕಿಗಳು ಸೀರೆಯನ್ನು ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದು ಬಣ್ಣ ನೋಡುವುದಿಲ್ಲವಾ? ಒಳಗಿನ ದೀಪದ ಬಣ್ಣ ಬೇರೆ, ಹೊರಗಿನದು ಬೇರೆ. ಇದು ಅರಮನೆ ಕಂಡವರಿಗಿಂತ ಅಂಗಡಿ ಕಂಡವರಿಗೆ ಚೆನ್ನಾಗಿ ಗೊತ್ತು. ಆ ಊರಿನ ಮಹಾ ಮಾಂತ್ರಿಕನೂ ಕೊನೆಗೆ ಯಾರು? ಪರದೆಯ ಹಿಂದೆ ನಿಂತ ಒಬ್ಬ ಸಾಧಾರಣ ಮುದುಕ. ಹಿಂದೆ ಬಲೂನು ಹಾರಿಸುತ್ತಿದ್ದವನು. ಟೋಟೋ ಬೆದರಿ ಹಾರಿದಾಗ ಪರದೆ ಬಿದ್ದು ಗುಟ್ಟು ರಟ್ಟಾಗುತ್ತದೆ. ನಿನ್ನ ಸೆರಗಿನೊಳಗಿನ ದಾರದ ಹಾಗೆ.

ಬಣ್ಣದ ಮಾತಿಗೆ ಮತ್ತೊಂದು. ಕಥೆ ಶುರುವಾಗುವುದು ಬೂದು ಬಣ್ಣದಲ್ಲಿ. ನೆಲ ಬೂದು, ಹುಲ್ಲು ಬೂದು, ಮನೆ ಬೂದು. ಡೊರೊಥಿಯ ಚಿಕ್ಕಮ್ಮ ಎಮ್‌ಳ ಕಣ್ಣಿನ ಹೊಳಪನ್ನೂ ಕೆನ್ನೆಯ ಕೆಂಪನ್ನೂ ಬಿಸಿಲು, ಗಾಳಿ ಕಿತ್ತುಕೊಂಡಿವೆ. ಸೀಮೆಯ ಹೆಸರು ಕಾನ್ಸಸ್, ಆದರೆ ಬಾಮ್ ಬಾಳಿ ನೋಡಿದ ಬರ ಡಕೋಟಾದ್ದು. ನೀನು ಮೊದಲ ಸಾಲಿನಲ್ಲೇ ಮುತ್ತು ಸುರಿದಿದ್ದೀಯ. ಆಮೇಲೆ ಸುರಿಯಲು ಏನು ಉಳಿಯಿತು?

ಹಾಗಂತ ಅವರ ಮಾತನ್ನೆಲ್ಲ ನಂಬಬೇಡ. ಈ ಪುಸ್ತಕದಲ್ಲಿ ಖುಷಿ, ಬೆರಗು ಮಾತ್ರ ಇದೆ, ಸಂಕಟ, ಕೆಟ್ಟ ಕನಸು ಇಲ್ಲ ಎಂದು ಮುನ್ನುಡಿಯಲ್ಲಿ ಬರೆದರು. ಒಳಗೆ ಹೋದರೆ ತಗಡಿನ ಮನುಷ್ಯ 40 ತೋಳಗಳ ತಲೆ ಕಡಿಯುತ್ತಾನೆ, ಹುಲ್ಲಿನ ಮನುಷ್ಯ 40 ಕಾಗೆಗಳ ಕತ್ತು ತಿರುಚುತ್ತಾನೆ. ಮುನ್ನುಡಿಯನ್ನು ಆಮೇಲೆ ಬರೆ, ಬರೆಯದಿದ್ದರೆ ಇನ್ನೂ ಒಳ್ಳೆಯದು.

ಇನ್ನು ಕೆಲಸ ಬಿಡುವ ಮಾತು. ಪುಸ್ತಕ ಗೆದ್ದ ಮೇಲಾದರೂ ಬಾಮ್ ನಿಶ್ಚಿಂತರಾದರಾ ಎಂದರೆ, ಇಲ್ಲ. ಓಜ್ ಕಥೆಗಳನ್ನು ಸ್ಲೈಡು, ಸಿನಿಮಾ, ಸಂಗೀತ ಸೇರಿಸಿ 1908ರಲ್ಲಿ ಊರೂರಲ್ಲಿ ತೋರಿಸಿದರು. ಜನ ಬಂದರು, ಖರ್ಚು ಮಾತ್ರ ಅದಕ್ಕಿಂತ ಜಾಸ್ತಿ ಬಂತು. 1910ರಲ್ಲಿ, ಓಜ್ ಇನ್ನು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ ಎಂದು ಬರೆದು ಆ ಸರಣಿಗೆ ಬಾಗಿಲು ಹಾಕಿದರು. 1911ರಲ್ಲಿ ದಿವಾಳಿ. ಸಮುದ್ರದ ಕಥೆ, ಆಕಾಶದ ಕಥೆ ಬರೆದು ನೋಡಿದರು, ಅಷ್ಟು ಓಡಲಿಲ್ಲ. 1913ರಲ್ಲಿ ಮತ್ತೆ ಓಜ್‌ಗೇ ಬರಬೇಕಾಯಿತು. ಬಾಗಿಲು ಮುಚ್ಚಿದ್ದೀನಲ್ಲ, ಸುದ್ದಿ ಹೇಗೆ ಬಂತು ಅಂದರೆ ವೈರ್‌ಲೆಸ್ ಟೆಲಿಗ್ರಾಫಿನಲ್ಲಿ ಎಂದು ಹೇಳಿದರು. ಆ ಉಪಾಯ ಕೊಟ್ಟಿದ್ದೂ ಓದುವ ಒಂದು ಮಗುವೇ. 1919ರಲ್ಲಿ ತೀರಿಕೊಳ್ಳುವವರೆಗೂ ಅವರು ಓಜ್ ಕಥೆ ಬರೆಯುತ್ತಲೇ ಇದ್ದರು. ಒಟ್ಟು 14 ಕಾದಂಬರಿ, ಕೊನೆಯದು ಅಚ್ಚಾಗುವಾಗ ಅವರಿರಲಿಲ್ಲ.

ಆದ್ದರಿಂದ ಸದ್ಯಕ್ಕೆ ಸಂಬಳ ಬರಲಿ. ಅರಮನೆಯ ಕಥೆಯನ್ನು ಪೆಟ್ಟಿಗೆಯಲ್ಲಿಡು. ಮುಂದಿನ ಕಾಗದದಲ್ಲಿ ನನಗೆ ಇಷ್ಟು ತಿಳಿಸು. ಆ ಬೊಂಬೆಯ ಕಳಚುವ ಕೈ ಎಡದ್ದೋ ಬಲದ್ದೋ? ರಾತ್ರಿ ಶಟರ್ ಎಳೆದ ಮೇಲೆ ಅದನ್ನು ಕಳಚಿಟ್ಟು ಬರುತ್ತೀಯೋ, ದಾರ ಹಾಗೇ ಬಿಟ್ಟು ಬರುತ್ತೀಯೋ?

ನಿನ್ನ ಕಾಗದಕ್ಕೆ ಕಾಯುತ್ತಿರುವ,
ನಿನ್ನ ಹಳೆಯ ಓದುಗ