ಹಾಲಿನ ಬೂತಿನ ಬೋರ್ಡಿಗೆ ಒಂದು ಹಾಳೆ

॥ ಶ್ರೀ ॥
ಶಿವಮೊಗ್ಗ

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಉಭಯಕುಶಲೋಪರಿ. ನೀನು ವಾಟ್ಸ್‌ಆಪ್‌ನಲ್ಲಿ ಕಳಿಸಿದ, ನಿನ್ನ ಹೊಲಿಗೆ ಕೆಲಸದ ಜಾಹೀರಾತಿನ ಕರಡನ್ನು ಕನ್ನಡಕ ಹಾಕಿಕೊಂಡು ಎರಡು ಸಲ, ಕನ್ನಡಕ ತೆಗೆದಿಟ್ಟು ಒಂದು ಸಲ ನೋಡಿದೆ. ಮೂರನೆಯ ಸಲ ನನಗೆ ಕಂಡದ್ದು ಮೂಲೆಯ ನವಿಲು ಮಾತ್ರ.

ಕುವೆಂಪುನಗರದ ಹಾಲಿನ ಬೂತು, ಗ್ರಂಥಾಲಯ ಮತ್ತು ನಿಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಪಕ್ಕದ ಬೋರ್ಡುಗಳಿಗೆ ಇದು ಸಾಕೇ ಎಂದು ಕೇಳಿದ್ದೀಯೆ. ಸಾಲದು ಎನ್ನುವುದಕ್ಕಿಂತ ಹೆಚ್ಚಾಯಿತು ಎನ್ನುವುದು ಸರಿ. ‘ಸಕಲ ವಿಧದ ಮಹಿಳೆಯರ ಉಡುಪುಗಳನ್ನು ಅತ್ಯಾಕರ್ಷಕವಾಗಿ ಹೊಲಿದುಕೊಡಲಾಗುವುದು’ ಎಂಬ ಸಾಲಿನಲ್ಲಿ ನಿನಗೆ ಬರುವ ಕೆಲಸವೆಲ್ಲ ಅಡಗಿದೆಯಾದರೂ, ಒಂದು ಕೈಯಲ್ಲಿ ಹಾಲಿನ ಪ್ಯಾಕೆಟ್, ಇನ್ನೊಂದರಲ್ಲಿ ಚಿಲ್ಲರೆ ಹಿಡಿದು, ಒಲೆಯ ಮೇಲಿಟ್ಟು ಬಂದ ಕುಕ್ಕರಿನ ಚಿಂತೆಯಲ್ಲಿ ನಿಂತಿರುವ ಗೃಹಿಣಿಗೆ ಆ ಸಾಲಿನಿಂದ ಏನೂ ತಿಳಿಯುವುದಿಲ್ಲ. ಪತ್ರಿಕೆಯ ಜಾಹೀರಾತನ್ನು ಕುಳಿತು ಓದುತ್ತಾರೆ. ಬೋರ್ಡಿನ ಹಾಳೆಯನ್ನು ನಿಂತು, ಅದೂ ಬೇರೆ ಕೆಲಸದ ನಡುವೆ ಓದುತ್ತಾರೆ. ಆದ್ದರಿಂದ ನೀನು ಊರಿಗೆಲ್ಲ ಬರೆಯಬೇಡ, ಆ ಒಬ್ಬಳಿಗೆ ಬರೆ.

ಅವಳ ಬೀರುವಿನಲ್ಲಿ ಏನಿದೆ ಎಂಬುದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಆಷಾಢದ ರಿಯಾಯಿತಿಯಲ್ಲಿ ಕೊಂಡ ಸೀರೆಯಿದೆ; ಅದರ ಬ್ಲೌಸ್ ಪೀಸು ಕತ್ತರಿಸದೆ ಹಾಗೆಯೇ ಉಳಿದಿದೆ; ಶ್ರಾವಣದ ವರಮಹಾಲಕ್ಷ್ಮಿ ಹಬ್ಬ ಬಂತೆಂದರೆ ಯಾವ ಟೈಲರೂ ಹೊಸ ಬಟ್ಟೆ ಹಿಡಿಯುವುದಿಲ್ಲ. ಹಾಗಾಗಿ ತಲೆಬರಹಕ್ಕೆ ನಿನ್ನ ಬೊಟಿಕ್ಕಿನ ಹೆಸರು ಬೇಡ. ‘ಸೀರೆ ಕೊಂಡಾಯಿತು, ಬ್ಲೌಸ್ ಹೊಲಿಸಿದಿರಾ?’ ಎಂದು ದೊಡ್ಡದಾಗಿ ಹಾಕು. ಅದರ ಕೆಳಗೆ ‘ಲೈನಿಂಗ್ ಬ್ಲೌಸ್ 450 ರೂ. ನಾಲ್ಕು ದಿನದಲ್ಲಿ ಸಿದ್ಧ. ಅಳತೆ ಬ್ಲೌಸ್ ತಂದರೆ ಸಾಕು’ ಎಂದು ಬರೆದು, ಫಾಲ್ಸ್, ಜಿಗ್‌ಜಾಗ್, ಕುಚ್ಚು ಮೂರನ್ನೂ ಸಣ್ಣ ಅಕ್ಷರದ ಒಂದೇ ಸಾಲಿನಲ್ಲಿ ಸೇರಿಸು. ಬೆಲೆ ಹಾಕಲು ನಿನಗೆ ಸಂಕೋಚವೆಂದು ನಿಮ್ಮತ್ತೆ ಫೋನಿನಲ್ಲಿ ಹೇಳಿದರು. ಬೆಲೆ ಕೇಳಲು ಸಂಕೋಚಪಡುವವರು ಅದಕ್ಕಿಂತ ಹೆಚ್ಚು ಜನ ಇರುತ್ತಾರೆ, ಮತ್ತು ಅವರು ಫೋನನ್ನೇ ಮಾಡುವುದಿಲ್ಲ. ಆಷಾಢದ ಮೊದಲ ವಾರದಲ್ಲೇ ಹಾಳೆ ಬೋರ್ಡಿಗೇರಲಿ. ಮದುವೆ ಮುಂಜಿಗಳಿಲ್ಲದ ಆ ತಿಂಗಳಲ್ಲಿ ನಿನ್ನ ಕೈಯೂ ಬಿಡುವಾಗಿರುವುದರಿಂದ ನಾಲ್ಕು ದಿನದ ಮಾತನ್ನು ಉಳಿಸಿಕೊಳ್ಳಬಹುದು. ಹಬ್ಬದ ಹಿಂದಿನ ವಾರ ಅದೇ ಮಾತು ಕೊಟ್ಟರೆ ಸುಳ್ಳಾಗುತ್ತದೆ.

ಇನ್ನು ಅಕ್ಷರದ ವಿಚಾರ. ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಿ ಬೆರಳು ಕಪ್ಪು ಮಾಡಿಕೊಂಡವನಾದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಸಹಿಸಿಕೋ. ನಮ್ಮ ಲಿಪಿಯಲ್ಲಿ ಅಕ್ಷರದ ಮೇಲೆ ಗುಣಿತ, ಕೆಳಗೆ ಒತ್ತು ಬರುತ್ತವೆ. ಎರಡು ಸಾಲುಗಳ ನಡುವೆ ಜಾಗ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗಿ, ದೂರದಿಂದ ನೋಡುವವರಿಗೆ ಎರಡೂ ಮಸಿಯ ಗೀಟಾಗಿ ಕಾಣುತ್ತವೆ. ನೀನು ಆರಿಸಿದ ಬಳ್ಳಿಯಂಥ ಅಕ್ಷರ ಲಗ್ನಪತ್ರಿಕೆಗೆ ಒಪ್ಪುತ್ತದೆ, ಬೋರ್ಡಿಗಲ್ಲ. ಒಂದೇ ಬಗೆಯ ಸರಳ ಅಕ್ಷರ ಇಟ್ಟುಕೊಂಡು ಗಾತ್ರ ಮಾತ್ರ ಬದಲಿಸು. ಅಕ್ಷರದ ಗಾತ್ರವನ್ನು ಅಳೆಯುವುದು ಪಾಯಿಂಟಿನಲ್ಲಿ; 72 ಪಾಯಿಂಟಿಗೆ ಒಂದು ಅಂಗುಲವೆಂಬುದು ನಮ್ಮ ಲೆಕ್ಕ. ಎ4 ಹಾಳೆಯಲ್ಲಿ ತಲೆಬರಹ ಎರಡು ಸಾಲಾದರೂ ಚಿಂತೆಯಿಲ್ಲ, ಅದಕ್ಕೆ ಒಂದು ಅಂಗುಲದ ಹತ್ತಿರ ಹತ್ತಿರದ ಗಾತ್ರ ಇರಲಿ. ಹಾಳೆಯನ್ನು ಗೋಡೆಗೆ ಸಿಕ್ಕಿಸಿ, ಆರು ಹೆಜ್ಜೆ ಹಿಂದೆ ನಿಂತು ನಿಮ್ಮತ್ತೆಯವರು ಓದಲಿ. ಅವರು ತಡವರಿಸಿದ ಪದವನ್ನು ತೆಗೆದುಬಿಡು. ‘ಅತ್ಯಾಕರ್ಷಕ’ವಂತೂ ಆ ಪರೀಕ್ಷೆಯಲ್ಲಿ ಉಳಿಯುವುದಿಲ್ಲ.

ಫೋನ್ ನಂಬರಿನ ಬಗ್ಗೆ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಆರಂಕಿಯ ನಂಬರುಗಳಿದ್ದ ಕಾಲದಲ್ಲಿ ಒಬ್ಬರ ಟೈಪಿಂಗ್ ತರಗತಿಯ ಕರಪತ್ರಕ್ಕೆ ಕನ್ನಡದ ಅಂಕಿಗಳನ್ನೇ ಹಾಕಬೇಕೆಂದು ಹಟ ಹಿಡಿದು, ರಾತ್ರಿ ಪಾಳಿಯ ಮಂದ ಬೆಳಕಿನಲ್ಲಿ ೩ ಇರಬೇಕಾದಲ್ಲಿ ೬ ಜೋಡಿಸಿದೆ. ಕರಡು ತಿದ್ದಿದವನೂ ನಾನೇ. ಹದಿನೈದು ದಿನ ಯಾರದೋ ಮನೆಯ ಅಜ್ಜಿ ‘ಇಲ್ಲಿ ಟೈಪಿಂಗ್ ಕಲಿಸುವುದಿಲ್ಲಪ್ಪ’ ಎಂದು ಉತ್ತರಿಸಿ ಬೇಸತ್ತರು. ಕನ್ನಡದ ಅಂಕಿಗಳ ಮೇಲಿನ ನನ್ನ ಅಭಿಮಾನ ಇಂದಿಗೂ ಕುಂದಿಲ್ಲ, ಆದರೆ ನೋಡಿ ಒತ್ತಬೇಕಾದ ನಂಬರಿಗೆ ಎಲ್ಲರ ಕಣ್ಣಿಗೂ ರೂಢಿಯಾದ ಅಂಕಿಯೇ ಇರಲಿ. ಹತ್ತು ಅಂಕಿಗಳನ್ನು ಐದೈದಾಗಿ ಬಿಡಿಸಿ ಬರೆ. ಹೊಲಿಗೆಗೆಂದೇ ಬೇರೆ ಸಿಮ್ ಇಟ್ಟುಕೊಂಡು, ‘ಬೆಳಿಗ್ಗೆ 10ರಿಂದ ಸಂಜೆ 6’ ಎಂದು ಪಕ್ಕದಲ್ಲೇ ನಮೂದಿಸು. ಮನೆಯ ಬಾಗಿಲ ನಂಬರನ್ನು ಬೋರ್ಡಿನಲ್ಲಿ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಬಡಾವಣೆಯ ಹೆಸರು, ಹತ್ತಿರದ ಒಂದು ಗುರುತು ಸಾಕು.

ಹಾಳೆಯ ಕೆಳಗೆ ಹರಿದುಕೊಳ್ಳುವ ಚೀಟಿಗಳನ್ನು ಬಿಟ್ಟಿದ್ದೀಯೆ, ಸಂತೋಷ. ಆದರೆ ಚೀಟಿಯಲ್ಲಿ ಬರೀ ನಂಬರಿದೆ. ಮೂರು ದಿನದ ನಂತರ ಪರ್ಸಿನಲ್ಲಿ ಅದು ಸಿಕ್ಕಾಗ ಗ್ಯಾಸಿನವನದೋ ಪ್ಲಂಬರಿನದೋ ತಿಳಿಯದೆ ಎಸೆಯುತ್ತಾರೆ. ಪ್ರತಿ ಚೀಟಿಯಲ್ಲೂ ‘ಬ್ಲೌಸ್ ಹೊಲಿಗೆ, ಕುವೆಂಪುನಗರ’ ಎಂದಿರಲಿ. ಮೂಲೆಯಲ್ಲಿ ಬೂತಿನದಕ್ಕೆ ‘ಹಾ’, ಗ್ರಂಥಾಲಯದ್ದಕ್ಕೆ ‘ಗ್ರಂ’, ಲಿಫ್ಟಿನದಕ್ಕೆ ‘ಲಿ’ ಎಂದು ಪೆನ್ಸಿಲ್ಲಿನಲ್ಲಿ ಗುರುತು ಮಾಡಿದರೆ, ಬಂದವರು ಚೀಟಿ ತೋರಿಸಿದಾಗ ಯಾವ ಬೋರ್ಡು ಕೆಲಸ ಮಾಡುತ್ತಿದೆ ಎಂಬುದು ನಿನಗೆ ತಿಳಿಯುತ್ತದೆ. ಚೀಟಿಗಳ ನಡುವೆ ಕತ್ತರಿ ಮೊದಲೇ ಆಡಿರಬೇಕು. ನೀನೇ ಒಂದೆರಡನ್ನು ಹರಿದಿಟ್ಟಿರಬೇಕು, ಏಕೆಂದರೆ ಮೊದಲನೆಯದನ್ನು ಹರಿಯಲು ಎಲ್ಲರಿಗೂ ಮುಜುಗರ. ‘ಇದು ಮೋಸವಲ್ಲವೇ’ ಎಂದು ನಿನ್ನ ದೊಡ್ಡಮ್ಮ ಈ ಸಾಲು ಓದಿ ಕೇಳಿದಳು. ಹರಿದ ಎರಡನ್ನು ನಿನ್ನ ಗೆಳತಿಯರಿಗೆ ಕೊಟ್ಟುಬಿಡು, ಅವಳಿಗೂ ಸಮಾಧಾನವಾಗುತ್ತದೆ.

ಮನೆಯ ಇಂಕ್‌ಜೆಟ್ಟಿನಲ್ಲಿ ಮುದ್ರಿಸಿದ್ದು ಮಳೆಯ ಎರಚಲಿಗೆ ಕಲಸಿಹೋಗಬಹುದು, ಲೇಸರ್ ಪ್ರಿಂಟೋ ಜೆರಾಕ್ಸೋ ಮಾಡಿಸು. ತಿಳಿಹಳದಿ ಕಾಗದಕ್ಕೆ ಕಪ್ಪು ಅಕ್ಷರವೇ ಚೆಂದ. ನಾಲ್ಕು ಮೂಲೆಗೂ ಪಿನ್ನು ಹಾಕು. ಬೋರ್ಡಿನವರ ಒಪ್ಪಿಗೆ ಕೇಳು, ಯಾರ ಹಾಳೆಯ ಮೇಲೂ ನಿನ್ನದನ್ನು ಹೊದಿಸಬೇಡ, ಹಾಕಿದ ದಿನವನ್ನು ಮೂಲೆಯಲ್ಲಿ ಬರೆದಿಡು. ವಿದ್ಯುತ್ ಕಂಬಕ್ಕೂ ಕಾಂಪೌಂಡ್ ಗೋಡೆಗೂ ಅಂಟಿಸೋಣವೆಂದು ನಿನ್ನ ಗಂಡ ಹೇಳಿದನಂತೆ; ಬಹಿರಂಗ ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು ನಮ್ಮ ರಾಜ್ಯದಲ್ಲಿ 1981ರ ಕಾಯ್ದೆಯೇ ಇದೆಯೆಂದು ಅವನಿಗೆ ತಿಳಿಸು.

ತಿದ್ದಿದ ಕರಡನ್ನು ಜೆರಾಕ್ಸಿಗೆ ಕೊಡುವ ಮೊದಲು ನನಗೆ ಕಳಿಸು. ಅದಕ್ಕೂ ಮೊದಲು, ನೆನಪಿನಿಂದಲ್ಲದೆ ಚೀಟಿಯನ್ನೇ ನೋಡಿಕೊಂಡು, ಅತ್ತೆಯವರ ಫೋನಿನಿಂದ ಆ ನಂಬರಿಗೆ ಒಮ್ಮೆ ಡಯಲ್ ಮಾಡು. ನಿನ್ನ ಫೋನೇ ರಿಂಗಾಗಬೇಕು.

ಇಂತಿ ನಿನ್ನ ಶ್ರೇಯೋಭಿಲಾಷಿ,
ದೊಡ್ಡಪ್ಪ