ಡಬ್ಬಿಯ ಮೇಲೆ ಹೆಸರು ಬರೆದಿಡಿ

ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಪೊಂಪೇ ಸಂಗೀತ ಚಿತ್ರ ಹೊಸ ರೂಪದಲ್ಲಿ ಬಂದ ಬಗ್ಗೆ ನಿಮ್ಮ ಪತ್ರಿಕೆಯ ವರದಿಯಲ್ಲಿ 4ಕೆ (ತುಂಬಾ ಸ್ಪಷ್ಟವಾದ ಡಿಜಿಟಲ್ ಚಿತ್ರ) ತಂತ್ರಜ್ಞಾನದ ಹೊಗಳಿಕೆಯೇ ಜಾಸ್ತಿ ಇತ್ತು, ಮೂಲ ನೆಗೆಟಿವ್ (ಕ್ಯಾಮೆರಾದಲ್ಲೇ ಚಿತ್ರಿತವಾದ ಮೊದಲ ಫಿಲ್ಮ್) ಉಳಿದದ್ದರ ಪ್ರಸ್ತಾಪ ಇರಲಿಲ್ಲ. ನೆಗೆಟಿವ್ ಇಲ್ಲದಿದ್ದರೆ ಯಾವ ತಂತ್ರಜ್ಞಾನ ಏನು ಮಾಡೀತು?

1971ರ ಅಕ್ಟೋಬರ್‌ನಲ್ಲಿ ನಿರ್ದೇಶಕ ಏಡ್ರಿಯನ್ ಮೇಬೆನ್ ಇಟಲಿಯ ಪೊಂಪೇ ಎಂಬ ಪುರಾತನ ಊರಿನ ಹಳೇ ರೋಮನ್ ಬಯಲು ರಂಗಮಂದಿರದಲ್ಲಿ, ಪ್ರೇಕ್ಷಕರೇ ಇಲ್ಲದೆ ಇದನ್ನು 35 ಎಂಎಂ ಫಿಲ್ಮಿನಲ್ಲಿ ಚಿತ್ರಿಸಿದರು. ಆ ನೆಗೆಟಿವ್ ತಂಡದ ಸಂಗ್ರಹದಲ್ಲಿ, ಸರಿಯಾದ ಹೆಸರು ಬರೆಯದ ಐದು ಡಬ್ಬಿಗಳಲ್ಲಿ ಸಿಕ್ಕಿತಂತೆ. ಅದರಿಂದಲೇ 2025ರ ಈ ಹೊಸ ಪ್ರತಿ. ಧ್ವನಿಯನ್ನು ಬ್ರಿಟಿಷ್ ಸಂಗೀತಗಾರ ಸ್ಟೀವನ್ ವಿಲ್ಸನ್ ಹೊಸದಾಗಿ ಮಿಕ್ಸ್ ಮಾಡಿದ್ದಾರೆ.

ಮೂಲ ಫಿಲ್ಮ್ ಕಳೆದುಹೋದರೆ ಏನಾಗುತ್ತದೆ ಅನ್ನುವುದೂ ಇದೇ ಚಿತ್ರದಲ್ಲಿದೆ. ಒಂದು ಹಾಡಿನ ಬಹುಪಾಲು ಡ್ರಮ್ಮರ್ ನಿಕ್ ಮೇಸನ್ ಅವರೇ ಕಾಣುತ್ತಾರೆ. ನಡುವೆ ಕೈಯಿಂದ ಕೋಲು ಜಾರುತ್ತದೆ. ಅವರು ತಾಳ ತಪ್ಪದೆ ಇನ್ನೊಂದು ಕೋಲು ಎತ್ತಿಕೊಳ್ಳುತ್ತಾರೆ. ನೋಡಲು ಸೊಗಸು, ನಿಜ! ಆದರೆ ತಂಡದ ಉಳಿದ ಮೂವರನ್ನು ಚಿತ್ರಿಸಿದ ರೀಲುಗಳು ಕಳೆದುಹೋದದ್ದೇ ಇದಕ್ಕೆ ಕಾರಣ ಎನ್ನುತ್ತಾರೆ. ಅವು ಇನ್ನು ಯಾವ ಕಂಪ್ಯೂಟರಿನಿಂದಲೂ ಬರುವುದಿಲ್ಲ.

ನಮ್ಮ ಸಂಗೀತ ಸಭೆಗಳ, ಕಲಾವಿದರ ಮನೆಗಳ ಅಟ್ಟದ ಮೇಲೂ ಹಳೇ ಟೇಪುಗಳು ಸುಮ್ನೆ ಕೂತಿವೆ. ಡಿಜಿಟಲ್ ಮಾಡಿಸಲು ಹಣ ಬರುವವರೆಗೆ ಕಾಯುವುದು ಬೇಡ. ಮೊದಲು ಹಾಡಿದವರು, ಊರು, ತಾರೀಖು ಬರೆದು ಚೀಟಿ ಅಂಟಿಸಿ, ಮೂಲ ಟೇಪನ್ನು ತೇವ ತಾಗದ ಕಡೆ ಇಡಲಿ. ಡಿಜಿಟಲ್ ಪ್ರತಿ ಆದ ಮೇಲೂ ಮೂಲವನ್ನು ಎಸೆಯದಿರಲಿ.

– ಒಬ್ಬ ಓದುಗ, ಮೈಸೂರು